ಕುಂಡ ಹೋದರೂ ಬೇರು ಉಳಿಯಲಿ

ತಾಳೆ ಜಾತಿಯ ಗಿಡಕ್ಕೆ ಕುಂಡ ಸಾಲದಾಗಿದೆಯೇ ಎಂಬುದನ್ನು ಗರಿ ನೋಡಿ ತೀರ್ಮಾನಿಸಲು ಹೋದರೆ ತಡವಾಗಿರುತ್ತದೆ. ನೋಡಬೇಕಾದದ್ದು ಬುಡವನ್ನು. ನಮ್ಮ ಅರೆಕಾ ಪಾಮ್‌ನ ಬುಡ ಕುಂಡದ ಅಂಚಿಗಿಂತ ನಾಲ್ಕು ಬೆರಳು ಮೇಲೆದ್ದು ನಿಂತಿತ್ತು. ಮಣ್ಣು ಕೊಚ್ಚಿ ಹೋಗಿ ಹಾಗಾದದ್ದಲ್ಲ. ತಳದಲ್ಲಿ ಜಾಗ ಸಿಗದೆ ಸುತ್ತಿಕೊಂಡ ಬೇರುಗಳು ಇಡೀ ಗಿಡವನ್ನೇ ಮೇಲಕ್ಕೆ ನೂಕಿದ್ದವು. ನೀರು ಹಾಕಿದರೆ ಮೇಲೆ ಅರೆಕ್ಷಣವೂ ನಿಲ್ಲುತ್ತಿರಲಿಲ್ಲ. ಕುಂಡದ ಗೋಡೆಗೂ ಬೇರಿಗೂ ನಡುವಿನ ಸಂದಿಯಲ್ಲಿ ಇಳಿದು, ತಳದ ತೂತಿನಿಂದ ಹರಿದು ಹೋಗುತ್ತಿತ್ತು. ತಟ್ಟೆ ತುಂಬಿದ್ದನ್ನು ನೋಡಿದವರಿಗೆ ಗಿಡ ಹೊಟ್ಟೆ ತುಂಬ ಕುಡಿದಿದೆ ಎನಿಸಬೇಕು. ನಡುವಿನ ಮಣ್ಣು ಮಾತ್ರ ಬೆರಳು ಇಳಿಯದಷ್ಟು ಗಟ್ಟಿಯಾಗಿ, ಒಣಗಿಯೇ ಇರುತ್ತಿತ್ತು.

ಹಾಗೆಂದು ತಾಳೆಗೆ ಪದೇ ಪದೇ ಕುಂಡ ಬದಲಾಯಿಸುವುದು ನನಗೆ ಒಪ್ಪಿಗೆಯಿಲ್ಲ. ಕುಂಡ ತುಸು ಬಿಗಿಯಾಗಿದ್ದರೇ ಅದಕ್ಕೆ ಹಿತ. ಪ್ರತಿ ವರ್ಷವೂ ಕಿತ್ತು ಬೇರೆ ಕಡೆ ಇಡುವವರನ್ನು ಕಂಡರೆ ಆ ಗಿಡಗಳ ಬಗ್ಗೆ ಮರುಕ ಹುಟ್ಟುತ್ತದೆ. ಆದರೆ ಬುಡವೇ ಎದ್ದು ನಿಂತ ಮೇಲೆ ಕಾಯುವುದರಲ್ಲಿ ಅರ್ಥವಿರಲಿಲ್ಲ. ಚಳಿ ಪೂರ್ತಿ ಹಿಂದೆ ಸರಿಯುವವರೆಗೆ ಮಾತ್ರ ತಡೆದೆ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಪೆಟ್ಟು ತಿಂದ ಬೇರು ಸುಲಭವಾಗಿ ಕೊಳೆಯುತ್ತದೆ. ಮಣ್ಣು ಬೆಚ್ಚಗಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ.

ತೊಡಕಿದ್ದದ್ದು ಕುಂಡದ ಆಕಾರದಲ್ಲಿ. ಗಿಡ ನಮ್ಮ ಮನೆಗೆ ಬಂದದ್ದೇ ಆ ಕುಂಡದಲ್ಲಿ. ಸುಟ್ಟ ಮಣ್ಣಿನದು, ಹೊರಗೆ ನೀಲಿ ಮೆರುಗು, ಹೊಟ್ಟೆ ಅಗಲ, ಬಾಯಿ ಕಿರಿದು. ಗಿಡ ಏಳು ಅಡಿ ಎತ್ತರ. ನೀರುಂಡ ಮಣ್ಣೂ ಸೇರಿದರೆ ಒಟ್ಟು ತೂಕ 60 ಕಿಲೋಗೆ ಕಡಿಮೆಯಿರಲಾರದು. ಹೊಟ್ಟೆಯ ತುಂಬ ಬೇರು ಹಬ್ಬಿದ ಮೇಲೆ ಅದು ಆ ಬಾಯಿಯಿಂದ ಇಡಿಯಾಗಿ ಹೊರಬರುವ ಮಾತೇ ಇರಲಿಲ್ಲ.

ಸಹಾಯಕ್ಕೆ ಬಂದ ತಮ್ಮ ಸುತ್ತು ಹಾಕಿ ನೋಡಿ ತನ್ನ ಉಪಾಯ ಹೇಳಿದ. "ಅಕ್ಕಾ, ಅಂಚಿನ ಸುತ್ತ ಉದ್ದನೆಯ ಚಾಕು ಇಳಿಸಿ ಎರಡಿಂಚು ಬೇರು ಕತ್ತರಿಸಿದರೆ ಸಲೀಸಾಗಿ ಬರುತ್ತದೆ. ದಾಸವಾಳಕ್ಕೆ ಹಾಗೆಯೇ ಮಾಡಿದೆಯಲ್ಲ?"

ಮಾಡಿದ್ದು ನಿಜ. ದಾಸವಾಳದ ಬೇರನ್ನು ಕತ್ತರಿಸಿದರೆ ಅದು ಕತ್ತರಿಸಿದಲ್ಲಿಂದಲೇ ಹೊಸ ಕವಲುಗಳನ್ನು ಒಡೆದು ಮೊದಲಿಗಿಂತ ಒತ್ತಾಗುತ್ತದೆ. ತಾಳೆಯ ಲೆಕ್ಕವೇ ಬೇರೆ. ಬೆಳೆದ ತಾಳೆಗೆ ತಾಯಿಬೇರಿಲ್ಲ, ಇರುವ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಹೋಗುವುದೂ ಇಲ್ಲ. ಕಾಂಡದ ಬುಡದಿಂದ ಒಂದೊಂದು ಬೇರೂ ತನ್ನ ಪೂರ್ತಿ ದಪ್ಪದೊಂದಿಗೇ ಹೊರಟು ಬಂದು ಉದ್ದಕ್ಕೆ ಬೆಳೆಯುತ್ತದೆ. ಕತ್ತರಿಸಿದರೆ ಏನಾಗುತ್ತದೆ ಎಂಬುದು ಒಂದೊಂದು ಜಾತಿಗೆ ಒಂದೊಂದು ತೆರ. ತೆಂಗಿನಲ್ಲಿ ಕತ್ತರಿಸಿದ ಬೇರುಗಳಲ್ಲಿ ಸುಮಾರು ಅರ್ಧದಷ್ಟು ಕವಲೊಡೆದು ಬದುಕಿಕೊಳ್ಳುತ್ತವೆ. ಅಮೆರಿಕದ ಫ್ಲಾರಿಡಾದಲ್ಲಿ ಬೆಳೆಯುವ ಸಬಾಲ್ ಪಾಮೆಟ್ಟೊ ಎಂಬ ತಾಳೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾಯುತ್ತವೆ. ಬುಡದಿಂದ ಹೊಸ ಬೇರು ಹುಟ್ಟಿ ಬರುವವರೆಗೆ ಆ ಮರ ಉಸಿರು ಹಿಡಿದುಕೊಂಡು ನಿಲ್ಲಬೇಕು. ಮನೆಯೊಳಗೆ ಇಷ್ಟು ವರ್ಷ ನಮ್ಮೊಂದಿಗಿದ್ದ ಗಿಡವನ್ನು ಇಂಥ ಜೂಜಿಗೆ ಒಡ್ಡಲು ನಾನು ಸಿದ್ಧಳಿರಲಿಲ್ಲ.

"ಬೇರಿಗೆ ಚಾಕು ಬೇಡ. ಕುಂಡವನ್ನೇ ಒಡೆಯೋಣ" ಎಂದೆ.

ಅವನಿಗೆ ನೋವಾಯಿತು. "ಇಷ್ಟು ಚೆಂದದ ಕುಂಡ ಅಕ್ಕಾ, ಮತ್ತೆ ಸಿಗುವುದಿಲ್ಲ" ಎಂದ. ಚೆಂದವೇನೋ ಹೌದು. ಆದರೆ ನನ್ನ ಮನಸ್ಸು ಗಟ್ಟಿಯಾಗಿತ್ತು. ಕುಂಡ ಗಿಡದ ಸಲುವಾಗಿ ಇರುವಂಥದ್ದು. ಅದು ಗಿಡದ ಕುತ್ತಿಗೆ ಹಿಡಿದಾಗ ಹೋಗಬೇಕಾದದ್ದು ಅದೇ.

ಹಿಂದಿನ ದಿನವೇ ನೀರನ್ನು ಸ್ವಲ್ಪ ಸ್ವಲ್ಪವಾಗಿ, ನಡುವಿನ ಗಟ್ಟಿ ಮಣ್ಣು ಹೀರಿಕೊಳ್ಳುವಷ್ಟು ಹೊತ್ತು ಕೊಟ್ಟು ಹಾಕಿದ್ದೆ. ಒಣಗಿದ ಬೇರಿನ ಮುದ್ದೆ ಪುಡಿಯಾಗಿ ಉದುರುತ್ತದೆ, ನೀರುಂಡದ್ದು ಒಟ್ಟಾಗಿ ನಿಲ್ಲುತ್ತದೆ. ಆ ದಿನ ಮೊದಲು ಗರಿಗಳನ್ನು ಮೇಲ್ಮುಖವಾಗಿ ಒಟ್ಟುಮಾಡಿ, ಹಳೆಯ ಬಟ್ಟೆಯ ಅಗಲ ಪಟ್ಟಿಯನ್ನು ಕೆಳಗಿನಿಂದ ಸುತ್ತುತ್ತಾ ಬಂದೆ. ಸುಳಿಯ ಹತ್ತಿರ ಬಂದಾಗ ಕೈ ನಿಲ್ಲಿಸಿದೆ. ತೆಂಗು, ಅಡಿಕೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಂಡಕ್ಕೆ ಒಂದೇ ಸುಳಿ, ಅದು ಮುರಿದರೆ ಆ ಕಾಂಡದ ಬೆಳವಣಿಗೆ ಅಲ್ಲಿಗೇ ಮುಗಿಯಿತು. ಕಾಂಡದ ಮೈಯೂ ಅಷ್ಟೇ ಜೋಪಾನ ಬೇಡುತ್ತದೆ. ಮಾವಿನ ಮರದ ಗಾಯವನ್ನು ಅಂಚಿನಿಂದ ಬೆಳೆದು ಬಂದ ಹೊಸ ತೊಗಟೆ ಮುಚ್ಚುತ್ತದೆ. ತಾಳೆಯಲ್ಲಿ ಹಾಗೆ ಹೊಸ ಅಂಗಾಂಶ ಬೆಳೆಸುವ ಪದರವೇ ಇಲ್ಲ, ಆದ್ದರಿಂದ ಬಿದ್ದ ಗಾಯ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ. ಅದಕ್ಕಾಗಿ ನೆಲಕ್ಕೆ ಗೋಣಿಚೀಲ ಹಾಸಿ, ಕಾಂಡಗಳು ಒರಗುವ ಕಡೆ ಹೊದಿಕೆ ಮಡಿಸಿಟ್ಟು, ಕುಂಡವನ್ನಷ್ಟೇ ಹಿಡಿದು ಇಬ್ಬರೂ ಮೆಲ್ಲಗೆ ವಾಲಿಸಿದೆವು. ಕಾಂಡ ಹಿಡಿದು ಎಳೆಯಬಾರದೆಂದು ತಮ್ಮನಿಗೆ ಮೊದಲೇ ಹೇಳಿದ್ದೆ. ಅವನು ಕೊನೆಯವರೆಗೂ ಆ ಮಾತು ಪಾಲಿಸಿದ.

ಕಣ್ಣಿಗೆ ಕನ್ನಡಕ ಹಾಕಿ, ಕುಂಡದ ಮೇಲೆ ದಪ್ಪ ಬಟ್ಟೆ ಹೊದಿಸಿ, ಅಂಚಿಗೆ ಸುತ್ತಿಗೆಯಿಂದ ಹದವಾಗಿ ಹೊಡೆದೆ. ಮೊದಲು ಕೇಳಿದ್ದು ಗಟ್ಟಿ ಕುಂಡದ ಖಣ್ ಎಂಬ ನಾದ. ಆಮೇಲೆ ಒಂದು ಪೆಟ್ಟಿಗೆ ನಾದ ಸತ್ತು ಬರಿಯ ಟಪ್ ಸದ್ದು ಬಂದಾಗ ಬಿರುಕು ಬಿಟ್ಟಿತೆಂದು ತಿಳಿಯಿತು. ಬಿರುಕನ್ನು ಹಿಡಿದುಕೊಂಡೇ ಕೆಳಗಿಳಿದು ಚೂರುಗಳನ್ನು ಒಂದೊಂದಾಗಿ ತೆಗೆದೆವು. ಕೆಲವು ತಾವಾಗಿ ಕಳಚಿಕೊಂಡವು. ಹೊಟ್ಟೆಯ ಭಾಗದ ದೊಡ್ಡದೊಂದು ಚೂರು ಮಾತ್ರ ಬರಲೊಲ್ಲದು. ಒಳಮೈಗೆ ಮೆರುಗು ಇರಲಿಲ್ಲವಾದ್ದರಿಂದ ಬೇರುಗಳು ಒರಟು ಮಣ್ಣಿಗೆ ಚಪ್ಪಟೆಯಾಗಿ ಕಚ್ಚಿಕೊಂಡಿದ್ದವು. ಒದ್ದೆ ಬಟ್ಟೆಯಿಟ್ಟು ಸ್ವಲ್ಪ ಹೊತ್ತು ಬಿಟ್ಟು, ಬೆರಳಿನ ತುದಿಯಿಂದ ಒಂದೊಂದೇ ಬೇರನ್ನು ಬಿಡಿಸಿದೆ. ಚೂರು ಕೈಗೆ ಬಂದಾಗ ಅದರ ಒಳಮೈ ಮೇಲೆ ಬೇರುಗಳ ಗೆರೆಗಳು ಕಂದು ಬಣ್ಣದಲ್ಲಿ ಹಾಗೆಯೇ ಮೂಡಿದ್ದವು. ತಮ್ಮ ಅದನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಕುಂಡದ ಮಾತೆತ್ತಲಿಲ್ಲ.

ತಳದಲ್ಲಿ ಬೇರುಗಳು ಬಾವಿಯ ಹಗ್ಗದಂತೆ ಸುರುಳಿ ಸುತ್ತಿಕೊಂಡಿದ್ದವು. ಮಣ್ಣೆನ್ನುವಂಥದ್ದು ಅಲ್ಲಿ ಉಳಿದಿರಲೇ ಇಲ್ಲ. ಕೊಳೆತ ವಾಸನೆಯೂ ಇರಲಿಲ್ಲ, ಅದನ್ನು ಕಂಡು ಎದೆ ಹಗುರವಾಯಿತು. ಬದುಕಿರುವ ಬೇರನ್ನು ಗುರುತಿಸುವುದು ಕಷ್ಟವಲ್ಲ. ಎಳೆಯ ತುದಿ ಕೆನೆ ಬಣ್ಣದ್ದು, ಬಲಿತ ಭಾಗ ಕಂದಾಗಿದ್ದರೂ ಚಿವುಟಿದರೆ ಗಟ್ಟಿ. ಸತ್ತದ್ದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಕಪ್ಪು ಸಿಪ್ಪೆ ಕೈಗೆ ಬಂದು, ಒಳಗಿನ ತೆಳು ನೂಲೊಂದು ಮಾತ್ರ ನೇತಾಡುತ್ತದೆ. ಅಂಥವು ಕೆಲವಿದ್ದವು, ಅವನ್ನಷ್ಟೇ ಕತ್ತರಿಸಿದೆ. ಸುರುಳಿಯನ್ನು ಪೂರ್ತಿ ಬಿಡಿಸುವ ಗೋಜಿಗೆ ಹೋಗದೆ ಕೆಳಗಿನ ಸುತ್ತನ್ನು ಬೆರಳಲ್ಲಿ ಒಂದಿಷ್ಟು ಸಡಿಲಿಸಿ ಬಿಟ್ಟೆ. ಇಷ್ಟೊಂದು ಕಾಂಡಗಳಿವೆಯಲ್ಲ, ಎರಡು ಗಿಡ ಮಾಡಬಾರದೇ ಎಂಬ ಮಾತೂ ಬಂತು. ಅರೆಕಾ ಪಾಮ್ ಗುಂಪಾಗಿಯೇ ಬೆಳೆಯುವ ಗಿಡ, ಮಡಗಾಸ್ಕರ್‌ನ ತನ್ನ ನೆಲದಲ್ಲೂ ಹಾಗೆಯೇ. ಹೆಣೆದುಕೊಂಡ ಬೇರನ್ನು ಸೀಳಿ ಎರಡು ಮಾಡಿದರೆ ಎರಡೂ ಸೊರಗುತ್ತವೆ.

ಹೊಸ ಕುಂಡ ನೇರ ಗೋಡೆಯದು, ಬಾಯಿಯ ಕಡೆಗೆ ಸ್ವಲ್ಪ ಅಗಲವಾಗುತ್ತಾ ಹೋಗುವಂಥದ್ದು. ಮುಂದೊಂದು ದಿನ ಗಿಡ ಒಡಕಿಲ್ಲದೆ ಹೊರಬರಬೇಕು. ಬೇರಿನ ಮುದ್ದೆಯ ಸುತ್ತ ಎರಡು ಬೆರಳಿನಷ್ಟು ಜಾಗ ಸಿಗುವ ಅಳತೆಯದನ್ನೇ ಆರಿಸಿದ್ದೆ. ಇನ್ನೂ ದೊಡ್ಡದು ಕೊಡುವುದು ಔದಾರ್ಯದಂತೆ ಕಾಣುತ್ತದೆ. ಆದರೆ ಬೇರು ತಲುಪದ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಸದಾ ಒದ್ದೆಯಾಗಿದ್ದು, ಬೇರು ಅಲ್ಲಿಗೆ ಬರುವ ಮೊದಲೇ ಹುಳಿತುಬಿಡುತ್ತದೆ.

ತಳಕ್ಕೆ ಜಲ್ಲಿ ಹಾಕಲಿಲ್ಲ. ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ನಡೆಯುವುದು ತದ್ವಿರುದ್ಧ. ಸಣ್ಣ ಕಣದ ಮಣ್ಣು ಪೂರ್ತಿ ತೊಯ್ದು ತುಂಬುವವರೆಗೆ ಕೆಳಗಿನ ದೊಡ್ಡ ಕಲ್ಲುಗಳ ಪದರಕ್ಕೆ ನೀರನ್ನು ಬಿಟ್ಟುಕೊಡುವುದಿಲ್ಲ. ಹೀಗಾಗಿ ಕುಂಡದ ತಳದಲ್ಲಿ ಇರಬೇಕಾದ ಒದ್ದೆ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಇನ್ನೂ ಹತ್ತಿರಕ್ಕೆ ಬಂದು ಕೂರುತ್ತದೆ. ನಾನು ತೂತಿನ ಮೇಲೆ ಒಂದು ತುಂಡು ಜಾಲರಿ ಇಟ್ಟು ಸುಮ್ಮನಾದೆ. ಮಿಶ್ರಣಕ್ಕೆ ತೆಂಗಿನ ನಾರಿನ ಪುಡಿ, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ. ಸೂಪರ್ ಫಾಸ್ಫೇಟನ್ನು ಬೇಕೆಂದೇ ದೂರವಿಟ್ಟೆ. ಅದರಲ್ಲಿ ಫ್ಲೋರೈಡ್ ಸೇರಿರುತ್ತದೆ, ಅರೆಕಾ ಪಾಮ್‌ನ ಗರಿಯ ತುದಿ ಅದಕ್ಕೆ ಬೇಗ ಸುಡುತ್ತದೆ.

ಆಳದ ವಿಷಯದಲ್ಲಿ ಮಾತ್ರ ತಮ್ಮನೊಂದಿಗೆ ಮತ್ತೆ ವಾದವಾಯಿತು. ಗಿಡ ಅಲುಗಾಡದಂತೆ ಬುಡವನ್ನು ಒಂದು ಗೇಣು ಹೂತುಬಿಡೋಣ ಎಂಬುದು ಅವನ ಅಭಿಪ್ರಾಯ. ಹಾಗೆ ಹೂತರೆ ಬೇರಿಗೆ ಗಾಳಿ ಸಾಲದೆ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದನ್ನು ಹೀರಲಾರದೆ ಹೊಸ ಗರಿಗಳು ಬಿಳಿಚಿಕೊಳ್ಳುತ್ತವೆ. ಬೇರು ಹೊರಡುವ ಜಾಗ ಮಣ್ಣಿನಲ್ಲಿ ಮುಚ್ಚುವಷ್ಟು ಮಾತ್ರ ತುಂಬಿ, ಸಂದಿಗಳಲ್ಲಿ ಮಣ್ಣು ಕೂರಲೆಂದು ಮೊಂಡು ಕೋಲಿನಿಂದ ಮೆತ್ತಗೆ ತಿವಿಯುತ್ತಾ ಬಂದೆವು. ಅಲುಗಾಟಕ್ಕೆ ಎರಡು ಊರೆಗೋಲು ಸಾಕಾಯಿತು.

ಮುಂದಿನ ದಿನಗಳಲ್ಲಿ ಗಿಡವನ್ನು ಮೊದಲಿದ್ದ ಬೆಳಕಿಗಿಂತ ಸ್ವಲ್ಪ ಮಂದವಾದ ಕಡೆ ಇಟ್ಟು, ಗೊಬ್ಬರ ಕೊಡದೆ, ಮಣ್ಣಿನ ಮೇಲ್ಪದರ ಒಣಗಿದ ಮೇಲಷ್ಟೇ ನೀರು ಹಾಕಿದೆ. ಗರಿಗಳನ್ನು ನೋಡಿ ನೆಮ್ಮದಿ ಪಟ್ಟುಕೊಳ್ಳುವಂತಿರಲಿಲ್ಲ. ಈಗ ಬಿಚ್ಚುವ ಗರಿ ಎಷ್ಟೋ ತಿಂಗಳ ಹಿಂದೆ ಸುಳಿಯೊಳಗೆ ರೂಪುಗೊಂಡದ್ದು, ಇಂದಿನ ಏಟು ಅದರಲ್ಲಿ ಕಾಣಿಸದು. ಆದರೆ ಆ ಗರಿ ಸುಳಿಯಿಂದ ಮೇಲೇರಬೇಕಾದರೆ ಬೇರು ನೀರು ಎಳೆಯಲೇಬೇಕು. ಅದಕ್ಕಾಗಿ ಬಿಚ್ಚದ ಸುಳಿಗೂ ಪಕ್ಕದ ಗರಿಯ ದಂಟಿಗೂ ಸೇರಿಸಿ ಅಡ್ಡಕ್ಕೆ ಒಂದೇ ಗೆರೆ ಎಳೆದಿದ್ದೆ. ಬಹಳ ದಿನ ಎರಡೂ ಗೆರೆ ಒಂದೇ ಮಟ್ಟದಲ್ಲಿದ್ದವು. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡಿ ಬರುವುದು ರೂಢಿಯಾಯಿತು. ಒಮ್ಮೆ ಸುಳಿಯ ಗೆರೆ ಕೂದಲೆಳೆಯಷ್ಟು ಮೇಲೆ ಕಂಡಾಗ ಕಣ್ಣಿನ ಭ್ರಮೆ ಇರಬೇಕೆಂದು ಸ್ಕೇಲು ತಂದು ಅಳೆದೆ. ಭ್ರಮೆಯಾಗಿರಲಿಲ್ಲ. ತಮ್ಮನಿಗೆ ಕೂಡಲೇ ಫೋನ್ ಮಾಡಿದೆ.

ಅಷ್ಟರಲ್ಲಿ ಕೆಳಗಿನ ಎರಡು ಗರಿಗಳು ಹಳದಿಯಾಗಿದ್ದವು. ನೋಡಲು ಬಂದ ತಮ್ಮ ಕತ್ತರಿ ಕೈಗೆತ್ತಿಕೊಂಡ, ನಾನು ತಡೆದೆ. ಪೊಟ್ಯಾಶಿಯಂ ಸಾಲದಾದಾಗ ತಾಳೆ ಹಳೆಯ ಗರಿಯಲ್ಲಿರುವುದನ್ನು ಎಳೆದು ಹೊಸದಕ್ಕೆ ಕೊಡುತ್ತದೆ. ಹಳದಿ ಗರಿಯನ್ನು ಕತ್ತರಿಸಿದರೆ ಕೊರತೆ ಅದರ ಮೇಲಿನ ಗರಿಗೆ ಏರುತ್ತದೆ. ಸುಳಿ ಸರಿಯಾಗಿ ಏರತೊಡಗಿದ ಮೇಲೆ ಪೊಟ್ಯಾಶ್ ಹೆಚ್ಚಿರುವ, ನಿಧಾನವಾಗಿ ಕರಗುವ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಲು ಶುರುಮಾಡಿದ್ದೇನೆ. ಆ ಎರಡು ಗರಿಗಳು ಪೂರ್ತಿ ಒಣಗಿ ಕಂದಾದ ಮೇಲೆ ಕತ್ತರಿಸುವ ಕೆಲಸವನ್ನು ತಮ್ಮನಿಗೇ ಬಿಟ್ಟಿದ್ದೇನೆ.