ಭಿಡೆ ಸೇತುವೆಯ ಕೆಸರು

ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಪುಣೆಯ ಭಿಡೆ ಸೇತುವೆ ಮುಳುಗುತ್ತದೆ, ನನ್ನ ಕಚೇರಿಯ ದಾರಿ ಎರಡು ಕಿಲೋಮೀಟರ್ ಉದ್ದವಾಗುತ್ತದೆ. ಇವತ್ತು ನೀರಿಳಿದಿತ್ತು. ಪಾಲಿಕೆಯವರು ಪೈಪು ಹಿಡಿದು ಕಪ್ಪು ಕೆಸರನ್ನು ಮತ್ತೆ ಮುಠಾ ನದಿಗೇ ತಳ್ಳುತ್ತಿದ್ದರು. ಚಪ್ಪಲಿಗೆ ಅಂಟಿದ್ದನ್ನು ಎರಡು ಸಲ ತೊಳೆದರೂ ವಾಸನೆ ಹೋಗಲಿಲ್ಲ.

ಮರಳಿಗೆ ಕೊಳೆ ಅಷ್ಟಾಗಿ ಅಂಟುವುದಿಲ್ಲ. ಸೀಸ, ಸತು, ಕ್ಯಾಡ್ಮಿಯಂನಂತಹ ಲೋಹಗಳು ಹಿಡಿದು ಕೂರುವುದು ನುಣ್ಣನೆಯ ಜೇಡಿ ಕಣಗಳನ್ನು. ಪ್ರವಾಹ ದಂಡೆ ಮೀರಿ ಹರಡಿದಾಗ ವೇಗ ತಗ್ಗಿ ಆ ಕಣಗಳು ಬಯಲಲ್ಲಿ ಪದರ ಪದರವಾಗಿ ಇಳಿಯುತ್ತವೆ. ಕಾರ್ಖಾನೆ ಮುಚ್ಚಿದರೂ ಅದರ ಲೆಕ್ಕ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಹಾಗೆಂದು ಕದಲದೇ ಇರುವುದೂ ಇಲ್ಲ: ಮುಂದಿನ ಪ್ರವಾಹ ದಂಡೆ ಕೊರೆದರೆ ಹಳೆಯ ಪದರ ಮತ್ತೆ ನೀರಿಗೆ. ನೀರು ನಿಂತು ಮಣ್ಣಿನೊಳಗೆ ಆಮ್ಲಜನಕ ಮುಗಿದರೆ ಕಬ್ಬಿಣದ ಆಕ್ಸೈಡ್ ಕರಗಿ, ಅದು ಹಿಡಿದಿಟ್ಟಿದ್ದ ಆರ್ಸೆನಿಕ್ ಕೂಡ ಬಿಡುಗಡೆಯಾಗುತ್ತದೆ.

ಮುಠಾ ನದಿ ಮುಳಾ ನದಿಯನ್ನು ಸೇರಿ, ಮುಳಾ-ಮುಠಾ ಭೀಮೆಯನ್ನು ಸೇರುತ್ತದೆ. ನಡುವೆ ಉಜನಿ ಜಲಾಶಯದಲ್ಲಿ ಬಹಳಷ್ಟು ಹೂಳು ನಿಲ್ಲುತ್ತದೆ, ಎಲ್ಲವೂ ಅಲ್ಲ. ಆಮೇಲೆ ನಮ್ಮ ಅಫಜಲಪುರ, ಗಾಣಗಾಪುರ.

ರಾತ್ರಿ ಅವ್ವ ಫೋನು ಮಾಡಿದ್ದಳು. “ಹೊಳೆ ತುಂಬಿ ಬಂದಿದೆ, ಹೊಲಕ್ಕೆ ಒಳ್ಳೆಯ ಮಣ್ಣು ಬೀಳುತ್ತದೆ” ಎಂದಳು. ನಾನು ಚಪ್ಪಲಿಯ ಸುದ್ದಿ ಎತ್ತಲಿಲ್ಲ. ಜೋಳ ಯಾವಾಗ ಬಿತ್ತುತ್ತೀರಿ ಎಂದು ಕೇಳಿದೆ.