ಬೆಂಗಳೂರಲ್ಲಿ 29 ಇಂಚು ವ್ಯಾಕ್ಯೂಮ್ ಬರಲ್ಲ: ಕಾರಿನ ಎಸಿ, ಮೂರನೇ ವಾರ

ಕಾರಿನ ಎಸಿ ರಿಪೇರಿಯಲ್ಲಿ ಕಂಡೆನ್ಸರ್ (ಗ್ಯಾಸ್ ತಣಿಸುವ ಜಾಲರಿ), ಡ್ರೈಯರ್ (ತೇವ ಹೀರುವ ಡಬ್ಬಿ) ಎರಡೂ ಕೂತಿವೆ. ಕಂಡೆನ್ಸರ್ ಲೆಕ್ಕಕ್ಕೆ 30 ಮಿಲಿ, ಡ್ರೈಯರ್ ಲೆಕ್ಕಕ್ಕೆ 10 ಮಿಲಿ ಪ್ಯಾಗ್ 46 ಎಂಬ ಕಂಪ್ರೆಸರ್ ಆಯಿಲ್ ಹೋಗಿದೆ. ತಲೆ ತಿಂದದ್ದು ವ್ಯಾಕ್ಯೂಮ್, ಅಂದರೆ ಗ್ಯಾಸ್ ತುಂಬೋ ಮೊದಲು ಒಳಗಿನ ಗಾಳಿ, ತೇವ ಪಂಪಿನಿಂದ ಎಳೆದು ಹಾಕೋದು.

ಪಂಪ್ 45 ನಿಮಿಷ ಓಡಿದರೂ ನೀಲಿ (ಲೋ ಸೈಡ್) ಗೇಜಿನ ಮುಳ್ಳು 26.5 ಇಂಚಿಗೇ (ಪಾದರಸದ ಲೆಕ್ಕ) ನಿಂತಿತು. ಎಲ್ಲರೂ ಹೇಳೋದು 29. ಅದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿಗೆ ಸರಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ 27 ಇಂಚಿನ ಆಸುಪಾಸು. ಅದಕ್ಕಿಂತ ಹೆಚ್ಚು ಯಾವ ಪಂಪೂ ತೋರಿಸಲಾರದು. ಈ ಮುಳ್ಳು ನೋಡಿ ಒಳ್ಳೇ ಪಂಪ್ ವಾಪಸ್ ಮಾಡಬೇಡಿ, ಒಳಗೆ ಉಳಿದ ಒತ್ತಡವನ್ನೇ ಅಳೆಯುವ ಮೈಕ್ರಾನ್ ಗೇಜ್ ಹಾಕಿ. ಅದಕ್ಕೆ ಊರಿನ ಎತ್ತರದ ಹಂಗಿಲ್ಲ.

ಮೈಕ್ರಾನ್ ಗೇಜ್ 480ಕ್ಕೆ ಇಳಿಯಿತು (ಕಡಿಮೆ ಇದ್ದಷ್ಟೂ ಒಳ್ಳೇದು). ವಾಲ್ವ್ ಮುಚ್ಚಿ ಪಂಪ್ ನಿಲ್ಲಿಸಿದರೆ ಹತ್ತೇ ನಿಮಿಷಕ್ಕೆ 3000, ಆಮೇಲೂ ಏರಿಕೆ. ತೇವ ಉಳಿದಿದ್ದರೆ ಸ್ವಲ್ಪ ಏರಿ ಒಂದು ಕಡೆ ನಿಲ್ಲುತ್ತೆ. ನಿಲ್ಲದೆ ಏರುತ್ತಿದ್ದರೆ ಲೀಕ್. ಮೊದಲು ಮ್ಯಾನಿಫೋಲ್ಡ್ (ಗೇಜ್, ವಾಲ್ವ್‌ಗಳ ಜೋಡಣೆ), ಹೋಸ್ ಮಾತ್ರ ಬೇರೆ ಮಾಡಿ ಪರೀಕ್ಷೆ: ಅಂಕಿ ಅಲ್ಲಾಡಲಿಲ್ಲ. ಹಾಗಾದರೆ ಲೀಕ್ ಗಾಡಿಯಲ್ಲೇ.

ರೆಗ್ಯುಲೇಟರ್ ಇಟ್ಟು 150 ಪಿಎಸ್‌ಐ ನೈಟ್ರೋಜನ್ ಕೊಟ್ಟು ಸೋಪು ನೀರು ಹಚ್ಚಿದಾಗ ಸಿಕ್ಕಿತು. ಕಂಡೆನ್ಸರ್‌ಗೆ ಕಂಪ್ರೆಸರ್‌ನಿಂದ ಬರುವ ಡಿಸ್ಚಾರ್ಜ್ ಪೈಪ್ ಸೇರುವ ಬ್ಲಾಕ್‌ನ ಕೆಳಭಾಗದಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ, 40 ಸೆಕೆಂಡಿಗೊಂದು. ಅಂಗಡಿಯವರು ‘ಅದೇ ಸೈಜ್ ಸಾರ್’ ಅಂತ ಕೊಟ್ಟ ಕಪ್ಪು ಓ-ರಿಂಗ್ ಹಳೇದಕ್ಕಿಂತ ಕೂದಲೆಳೆಯಷ್ಟು ತೆಳು, ಒಳಗೆ ತಿರುಚಿಕೊಂಡು ಕೂತಿತ್ತು. ಕೇಳಿದ್ದು ಎಸಿಗೆ ಆಗುವ ಹಸಿರು ಎಚ್‌ಎನ್‌ಬಿಆರ್, ಅನ್ನೋ ರಬ್ಬರಿನದು, ಕೊಟ್ಟದ್ದು ಕೈಗೆ ಸಿಕ್ಕಿದ್ದು. ಹಳೇ ರಿಂಗ್ ಜೊತೆಗಿಟ್ಟು ದಪ್ಪ ಹೋಲಿಸಿಯೇ ಕೊಳ್ಳಿ, ಆಯಿಲ್ ಸವರಿ ಕೂರಿಸಿ.

ಈ ರಿಂಗ್‌ಗಳ ಪೂರ್ತಿ ಸೆಟ್ ಈಗಲೇ ತರಿಸಿದ್ದು ಹಳೇ ಮಾರುತಿ 800ಗೋಸ್ಕರ. ಅದರ ಹಳೇ ಆರ್-12 ಗ್ಯಾಸಿನ ಸಿಸ್ಟಮ್‌ನ್ನು 134ಎ ಗ್ಯಾಸಿಗೆ ಬದಲಿಸಬೇಕು. ಮಿನರಲ್ ಆಯಿಲ್ ಪೂರ್ತಿ ತೊಳೆಯಬೇಕು, ಡ್ರೈಯರ್ ಹೊಸದು, ಗ್ಯಾಸ್ ಹಳೇ ತೂಕದ 80–90 ಪರ್ಸೆಂಟ್. ಅದು ಮಳೆಗಾಲ ಕಳೆದ ಮೇಲೆ.

ಇಲ್ಲಿ ಹೊಸ ರಿಂಗ್ ಹಾಕಿದ ಮೇಲೆ 30 ನಿಮಿಷಕ್ಕೆ 460ರಿಂದ 610 ಮೈಕ್ರಾನ್, ಅಲ್ಲೇ ನಿಂತಿತು. ಗ್ಯಾಸ್ ತುಂಬೋ ಮೊದಲು ಕ್ಯಾನಿನ ಒತ್ತಡ ನೋಡಿ. ಶುದ್ಧ 134ಎ ಆದರೆ 30 ಡಿಗ್ರಿಗೆ 98 ಪಿಎಸ್‌ಐ ಸುತ್ತಮುತ್ತ. ತುಂಬಾ ಹೆಚ್ಚಿದ್ದರೆ ಬೇರೇನೋ ಬೆರೆತಿದೆ, ಗಾಡಿಗೆ ಹಾಕಬೇಡಿ. ‘450 ಗ್ರಾಂ’ ಎಂಬ ಲೇಬಲ್ಲನ್ನೂ ನಂಬಬೇಡಿ, ತಕ್ಕಡಿ ಮೇಲಿಡಿ. ಬಾನೆಟ್ ಸ್ಟಿಕ್ಕರ್ ಹೇಳಿದ್ದು 380 ಗ್ರಾಂ. ಕ್ಯಾನಿಗೆ ಸೇರುವ ಹಳದಿ ಹೋಸಿನ ಗಾಳಿ ಹೊರಹಾಕಿ, ಎಂಜಿನ್ ಆಫ್ ಇದ್ದಾಗಲೇ ವ್ಯಾಕ್ಯೂಮ್ ಗ್ಯಾಸನ್ನು ಎಳೆದಷ್ಟು ಎಳೆಯಲು ಬಿಡಿ. ಉಳಿದದ್ದು ಎಂಜಿನ್, ಎಸಿ ಆನ್ ಮಾಡಿ, ಕ್ಯಾನ್ ನೆಟ್ಟಗಿಟ್ಟು, ಲೋ ಸೈಡ್‌ನಿಂದ ಮಾತ್ರ. ಎಂಜಿನ್ ಓಡುವಾಗ ಕೆಂಪು ವಾಲ್ವ್ ತೆರೆದರೆ ಹೈ ಸೈಡ್ ಒತ್ತಡ ಕ್ಯಾನಿಗೆ ನುಗ್ಗಿ ಅದು ಸಿಡಿಯಬಹುದು. ಕೊನೆಗೆ ಕ್ಯಾನ್ ತಣ್ಣಗಾಗಿ ಹರಿವು ನಿಂತಾಗ 40 ಡಿಗ್ರಿ ನೀರಿನ ಬಕೆಟ್ ಸಾಕು, ಬೆಂಕಿ ಬೇಡವೇ ಬೇಡ.

380ಕ್ಕೆ ನಿಲ್ಲಿಸಿದಾಗ, 1500 ಆರ್‌ಪಿಎಂನಲ್ಲಿ, ಹೊರಗೆ 31 ಡಿಗ್ರಿ: ಲೋ ಸೈಡ್ 32, ಹೈ ಸೈಡ್ 195 ಪಿಎಸ್‌ಐ, ನಡುವಿನ ವೆಂಟ್‌ನಲ್ಲಿ 7.5 ಡಿಗ್ರಿ.