ಹಳೆ ಮೇಲ್ ಕಮಾಂಡ್ ಪೈಥಾನ್‌ನಲ್ಲಿ: ಒಂದು ಪತ್ರ ಎಲ್ಲಿ ಮುಗಿಯುತ್ತದೆ?

ಒಂದೇ ಫೈಲು. ಸಿ ಭಾಷೆಯಲ್ಲಿರುವ ಹಳೆ ಮೇಲ್ ಪ್ರೋಗ್ರಾಮ್ ಅದರಲ್ಲಿ 412 ಪತ್ರ ಇವೆ ಅನ್ನುತ್ತದೆ. ನನ್ನ ಪೈಥಾನ್ ಪ್ರೋಗ್ರಾಮ್ 411 ಅನ್ನುತ್ತದೆ. ಎರಡು ದಿನ ಕೂತು ಕೈಯಾರೆ ಎಣಿಸಿದೆ. 411 ಸರಿ! ಹದಿನೈದು ದಿನದ ಹಿಂದೆ ಇದೇ ಪ್ರೋಗ್ರಾಮ್ 431 ಅನ್ನುತ್ತಿತ್ತು. ಅಲ್ಲಿಂದ ಇಲ್ಲಿಗೆ ಹೇಗೆ ಬಂದೆ ಅನ್ನೋದನ್ನು ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾನು ಮತ್ತೆ ಬರೆಯುತ್ತಿರುವುದು ಕರ್ಟ್ ಶೋನ್ಸ್ 1978ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬರೆದ ಮೇಲ್ ಪ್ರೋಗ್ರಾಮ್. ಅದೇ & ಪ್ರಾಂಪ್ಟ್, ಅದೇ ಒಂದಕ್ಷರದ ಕಮಾಂಡುಗಳು. ಪಟ್ಟಿ ತೋರಿಸುವುದು, ಅಳಿಸುವುದು, ಅಳಿಸಿದ್ದನ್ನು ವಾಪಸ್ ತರುವುದು, ಕ್ಯೂ ಒತ್ತಿದರೆ ಉಳಿಸಿ ಹೊರಬರುವುದು, ಎಕ್ಸ್ ಒತ್ತಿದರೆ ಏನನ್ನೂ ಮುಟ್ಟದೆ ಹೊರಬರುವುದು, ಎಲ್ಲ ಆಗಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಕಾಡಿದ್ದು ಪತ್ರ ಕೂಡಿಡುವ ಫೈಲಿನ ರೀತಿ, ಎಂಬಾಕ್ಸ್. ನಿಮಗೆ ಗೊತ್ತಲ್ಲ, ಎಲ್ಲ ಪತ್ರಗಳೂ ಒಂದೇ ಫೈಲಿನಲ್ಲಿ ಒಂದರ ಕೆಳಗೆ ಒಂದು ಇರುತ್ತವೆ. ಹೊಸ ಪತ್ರ ಶುರುವಾಯಿತು ಅನ್ನೋಕೆ ಗುರುತು ಅಂದರೆ ಸಾಲಿನ ಮೊದಲಿಗೆ 'ಫ್ರಮ್' ಎಂಬ ಇಂಗ್ಲಿಷ್ ಪದ, ಅದರ ಬೆನ್ನಿಗೆ ಒಂದು ಸ್ಪೇಸ್. ಒಟ್ಟು ಐದು ಬೈಟು. ಹೆಡರಿನಲ್ಲಿ, ಅಂದರೆ ಪತ್ರದ ಮೇಲಿನ ವಿವರದ ಸಾಲುಗಳಲ್ಲಿ, ಬರುವ ಕೋಲನ್ ಇರುವ ಫ್ರಮ್ ಬೇರೆ, ಇದು ಬೇರೆ.

ನನ್ನ ಪಟ್ಟಿಯಲ್ಲಿ 87ನೇ ಪತ್ರ ನೋಡಿ ಗಾಬರಿಯಾಯಿತು. ಕಳಿಸಿದವರ ಹೆಸರಿನ ಜಾಗದಲ್ಲಿ ಬರೀ 'ದಿ' ಅಂತಿದೆ. ವಿಷಯ ಖಾಲಿ. ತೆರೆದರೆ ಹಳೆ ಗೆಳೆಯನೊಬ್ಬ ಇಂಗ್ಲಿಷಿನಲ್ಲಿ ಬರೆದ ಪತ್ರದ ಎರಡನೇ ಅರ್ಧ. 'ನೀನು ಬರುವುದಾದರೆ ದಾರಿ ಹೇಳುತ್ತೇನೆ' ಎಂಬಲ್ಲಿಗೆ 86ನೇ ಪತ್ರ ಮುಗಿದುಹೋಗಿದೆ. 'ಫ್ರಮ್ ದಿ ಸ್ಟೇಷನ್' ಎಂದು ಶುರುವಾಗುವ ದಾರಿಯ ವಿವರವೆಲ್ಲ 87 ಆಗಿ ಕೂತಿದೆ. ಏನೋ ಕಸ ಅಂತ 87ನ್ನು ಅಳಿಸಿದ್ದರೆ ದಾರಿಯೇ ಹೋಗುತ್ತಿತ್ತು. ಇಂಥವು ಹತ್ತೊಂಬತ್ತು ಇದ್ದವು.

ಪತ್ರವನ್ನು ಫೈಲಿಗೆ ಹಾಕುವ ಪ್ರೋಗ್ರಾಮ್ ಇಂಥ ಸಾಲಿನ ಮುಂದೆ ಒಂದು > ಸೇರಿಸಬೇಕು. ಈ ಫೈಲನ್ನು ಬರೆದದ್ದು ಸೇರಿಸಿರಲಿಲ್ಲ. ಇತ್ತ ನಾನು ಬಳಸುತ್ತಿದ್ದ, ಪೈಥಾನ್ ಜೊತೆಗೇ ಬರುವ ಮೇಲ್‌ಬಾಕ್ಸ್ ಮಾಡ್ಯೂಲ್‌ಗೆ ಐದು ಬೈಟು ಕಂಡರೆ ಸಾಕು, ಅಲ್ಲೇ ಕತ್ತರಿಸುತ್ತದೆ. ಹಿಂದಿನ ಸಾಲು ಖಾಲಿ ಇಲ್ಲದಿದ್ದರೂ ಹೊಸ ಪತ್ರ ಅಂತಲೇ ತಿಳಿಯುತ್ತದೆ. ಇದು ಬಗ್ ಅಲ್ಲ, ಬೇಕಂತಲೇ ಮಾಡಿದ್ದು. ಕೋಡ್‌ನಲ್ಲಿ ಹಾಗಂತ ಕಾಮೆಂಟ್ ಕೂಡ ಇದೆ.

ಹಾಗಾದರೆ ಹಳೆ ಪ್ರೋಗ್ರಾಮ್ ಯಾಕೆ ಎಡವಲಿಲ್ಲ? ಅದರ ಸೋರ್ಸ್ ತೆರೆದೆ. ಎಷ್ಟು ಚೆನ್ನಾಗಿದೆ ಗೊತ್ತಾ! ಹಿಂದಿನ ಸಾಲು ಖಾಲಿ ಇರಬೇಕು. ಫ್ರಮ್ ಸಾಲಿನಲ್ಲಿ ತಾರೀಕು ಇರಬೇಕು. ತಾರೀಕನ್ನು ಗುರುತಿಸೋಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಇಲ್ಲ. 24 ಅಕ್ಷರದ ಒಂದು ಅಚ್ಚು ಇದೆ: ದೊಡ್ಡಕ್ಷರದ ಜಾಗಕ್ಕೆ ದೊಡ್ಡ 'ಎ', ಚಿಕ್ಕಕ್ಷರದ ಜಾಗಕ್ಕೆ ಚಿಕ್ಕ 'ಎ', ಅಂಕಿಯ ಜಾಗಕ್ಕೆ ಸೊನ್ನೆ, ಅಂಕಿ ಅಥವಾ ಸ್ಪೇಸ್ ಎರಡೂ ನಡೆಯುವ ಕಡೆ 'ಓ'. ಟೈಮ್‌ಝೋನ್ ಇದ್ದರೆ ಇನ್ನೊಂದು ಅಚ್ಚು. ಒಂದೊಂದೇ ಅಕ್ಷರ ಹೋಲಿಸುತ್ತಾ ಹೋಗುತ್ತದೆ, ಅಷ್ಟೇ. ಮಾಡ್ಯೂಲ್ ಬಿಟ್ಟು ಅದನ್ನೇ ಪೈಥಾನ್‌ಗೆ ಇಳಿಸಿದೆ. 431 ಹೋಗಿ 412 ಬಂತು.

ಖುಷಿಯಲ್ಲಿ ಇನ್ನೊಂದು ಫೈಲು ಕೊಟ್ಟೆ. ಒಂದು ಮೇಲ್ ಸೇವೆಯಿಂದ ಇಳಿಸಿಕೊಂಡ ನನ್ನ ಇಡೀ ಆರ್ಕೈವ್. ಉತ್ತರ: 0 ಪತ್ರ. ನೋಡಿದರೆ ಪ್ರತಿ ಫ್ರಮ್ ಸಾಲಿನಲ್ಲೂ ವರ್ಷಕ್ಕಿಂತ ಮೊದಲು ಟೈಮ್‌ಝೋನ್ +0000 ಅಂತ ಇದೆ. ಹಳೆ ಅಚ್ಚು ಅಲ್ಲಿ ಮೂರು ದೊಡ್ಡಕ್ಷರ ನಿರೀಕ್ಷಿಸುತ್ತದೆ. ಎಂಬಾಕ್ಸ್‌ಗೆ 2005ರಲ್ಲೇ ಆರ್‌ಎಫ್‌ಸಿ 4155 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಬಂದಿದೆ, ಅದರಲ್ಲಿ ತಾರೀಕು ಹೇಗಿರಬೇಕು ಅಂತಲೂ ಇದೆ. ಜನರ ವರ್ಷಗಟ್ಟಲೆಯ ಪತ್ರಗಳನ್ನು ವಾಪಸ್ ಕೊಡುವವರು ಅಷ್ಟಾದರೂ ನೋಡಿಕೊಳ್ಳಬೇಕಲ್ವಾ? ಮೂರನೇ ಅಚ್ಚು ಸೇರಿಸಿದೆ. ಅದಾದ ಮೇಲೆ ಸಲೀಸಾಗಿ ಓದಿತು.

ಆದರೆ ಮೊದಲ ಫೈಲಿನ 203ನೇ ಪತ್ರ ಇನ್ನೂ ಅನುಮಾನ ಹುಟ್ಟಿಸುತ್ತಿತ್ತು. ಸರ್ವರ್ ತೊಂದರೆ ವಿವರಿಸಲು ಯಾರೋ ಒಂದು ಕಚ್ಚಾ ಪತ್ರವನ್ನು ಫ್ರಮ್ ಸಾಲಿನ ಸಮೇತ ತಮ್ಮ ಪತ್ರದೊಳಗೆ ಅಂಟಿಸಿದ್ದರು. ಮೇಲೆ ಖಾಲಿ ಸಾಲು ಇದೆ, ತಾರೀಕು ಸರಿ ಇದೆ, ಕೆಳಗೆ ಹೆಡರುಗಳೂ ಇವೆ. ಹಳೆ ಪ್ರೋಗ್ರಾಮ್ ಇಲ್ಲಿ ಎರಡು ಪತ್ರ ಎಣಿಸುತ್ತದೆ. ಯಾವ ಅಚ್ಚು ತಂದರೂ ಇದನ್ನು ಹಿಡಿಯೋಕೆ ಆಗಲ್ಲ.

ದಾರಿ ಹೊಳೆದದ್ದು ಪತ್ರಕ್ಕೆ ಲಗತ್ತು ಮುಂತಾದವನ್ನು ಸೇರಿಸುವ ರೀತಿಯಾದ ಮೈಮ್‌ನಿಂದ. ಆ ಪತ್ರ ಮಲ್ಟಿಪಾರ್ಟ್, ಅಂದರೆ ಹಲವು ಭಾಗಗಳದ್ದು. ಭಾಗಗಳನ್ನು ಬೇರೆ ಮಾಡುವ ಗಡಿ ಯಾವುದು ಅಂತ ಅದರ ಹೆಡರೇ ಹೇಳುತ್ತದೆ. ಕೊನೆಯ ಗಡಿಯ ಹಿಂದೂ ಮುಂದೂ ಎರಡೆರಡು ಅಡ್ಡಗೆರೆ ಇರುತ್ತವೆ. ಗಡಿ ಇನ್ನೂ ಮುಚ್ಚಿಲ್ಲ, ಆಗಲೇ ಫ್ರಮ್ ಸಾಲು ಬಂತು ಅಂದುಕೊಳ್ಳಿ. ಆಗ ಮುಚ್ಚುವ ಗಡಿಯನ್ನು ಮುಂದೆ ಹುಡುಕುತ್ತೇನೆ. ಸಿಕ್ಕರೆ ಈ ಫ್ರಮ್ ಪತ್ರದ ಒಳಗಿನದು, ಮುಟ್ಟಬಾರದು. ಸಿಗದಿದ್ದರೆ ಪತ್ರ ಅರ್ಧಕ್ಕೇ ತುಂಡಾಗಿದೆ, ಇಲ್ಲೇ ಕತ್ತರಿಸಬೇಕು. ಫೈಲನ್ನು ಮೆಮೊರಿಯಂತೆ ನೋಡಲು ಬಿಡುವ ಎಂಮ್ಯಾಪ್ ಬಳಸಿ ಹುಡುಕುವುದರಿಂದ ದೊಡ್ಡ ಫೈಲಿನಲ್ಲೂ ತಡವಾಗಲಿಲ್ಲ. 412 ಹೋಗಿ 411 ಬಂತು. ಗಡಿಯೇ ಇಲ್ಲದ ಸಾದಾ ಪತ್ರಗಳಿಗೆ ಮಾತ್ರ ಈಗಲೂ ಅಚ್ಚೇ ಗತಿ.

ಬರೆಯುವಾಗ ಎಂಬಾಕ್ಸ್‌ಆರ್‌ಡಿ ರೀತಿ ಇಟ್ಟುಕೊಂಡಿದ್ದೇನೆ. ಈಗಾಗಲೇ > ಇರುವ ಫ್ರಮ್ ಸಾಲಿಗೂ ಇನ್ನೊಂದು > ಸೇರಿಸುತ್ತೇನೆ, ಓದುವಾಗ ಒಂದನ್ನು ತೆಗೆಯುತ್ತೇನೆ. ಹಾಗೆ ಮಾಡಿದರೆ ಮೂಲ ಹೇಗಿತ್ತೋ ಹಾಗೇ ವಾಪಸ್ ಬರುತ್ತದೆ. ಅಕ್ಷರದ ಬದಲು = ಮತ್ತು ಅದರ ಸಂಕೇತ ಸಂಖ್ಯೆ ಬರೆಯುವ ಕೋಟೆಡ್ ಪ್ರಿಂಟಬಲ್ ಪತ್ರಗಳಲ್ಲಿ ಕೆಲವು ಮೇಲರ್‌ಗಳು 'ಫ್ರಮ್'ನ ಮೊದಲ ಅಕ್ಷರವನ್ನೇ =46 ಅಂತ ಬರೆದು ಗುರುತು ತಪ್ಪಿಸುತ್ತವೆ. ಅದನ್ನು ಕಂಡುಹಿಡಿದವರು ಯಾರೋ, ಅವರಿಗೊಂದು ನಮಸ್ಕಾರ.

ಇದೆಲ್ಲ ಮಾಡುತ್ತಿರುವಾಗಲೇ ಮುಂದಿನ ಕೆಲಸ ತಲೆಗೆ ಹೊಕ್ಕಿದೆ: ಬಿಫ್. ಹೊಸ ಪತ್ರ ಬಂದಾಗ ಟರ್ಮಿನಲ್‌ನಲ್ಲಿ ಕೂಗಿ ಹೇಳುತ್ತಿದ್ದ ಪುಟ್ಟ ಪ್ರೋಗ್ರಾಮ್. 1980ರಲ್ಲಿ ಬರ್ಕ್ಲಿಯ ಯುನಿಕ್ಸ್ ಆದ 4.0 ಬಿಎಸ್‌ಡಿ ಜೊತೆ ಬಂತು. ಹೆಸರು ಬರ್ಕ್ಲಿಯವರಿಗೆಲ್ಲ ಪರಿಚಯವಿದ್ದ ಒಂದು ನಾಯಿಯದು. ಅದನ್ನು ಮೇಲ್‌ಡಿರ್ ಮೇಲೆ ಕಟ್ಟುತ್ತೇನೆ. ಅಲ್ಲಿ ಪತ್ರಕ್ಕೊಂದು ಫೈಲು, ಹೊಸದೆಲ್ಲ 'ನ್ಯೂ' ಫೋಲ್ಡರಿಗೆ ಬರುತ್ತದೆ. ಆ ಒಂದು ಫೋಲ್ಡರಿನ ಮೇಲೆ ಕಣ್ಣಿಟ್ಟರೆ ಸಾಕು. ಫ್ರಮ್ ಸಾಲಿನ ಗೊಡವೆಯೇ ಇಲ್ಲ.

ಅದಕ್ಕೂ ಮುಂಚೆ ಇಲ್ಲಿ ಫೈಲ್ ಲಾಕಿಂಗ್ (ಎರಡು ಪ್ರೋಗ್ರಾಮ್ ಒಟ್ಟಿಗೆ ಫೈಲು ಬದಲಿಸದಂತೆ ತಡೆಯುವುದು) ಬಾಕಿ ಇದೆ. ಇವತ್ತು ಮಾತ್ರ ಕೋಡ್ ಮುಟ್ಟಲಿಲ್ಲ. 86ನೇ ಪತ್ರ ತೆರೆದು ಪೂರ್ತಿ ಓದಿದೆ. ಸ್ಟೇಷನ್‌ನಿಂದ ಅವನ ಮನೆ ಬಾಗಿಲ ತನಕ ಒಂದೂ ತಿರುವು ತಪ್ಪಿಲ್ಲ.